ಗೋಲಿನ ಹಿಂದೆ ನಿಂತವರು

ಮೇಷ್ಟರ ಕೆಳದವಡೆಯ ಹಲ್ಲುಸೆಟ್ಟನ್ನು ಅಂಗೈ ಮೇಲಿಟ್ಟುಕೊಂಡು, ಆ ಮಾತು ಈ ಬಾಯಿಂದಲೇ ಹೊರಟಿರಬಹುದೇ ಎಂದು ಅವನು ಬೆಳಗಿನಿಂದ ಯೋಚಿಸುತ್ತಿದ್ದ. ಸೆಟ್ಟು ನಟ್ಟನಡುವೆ ಎರಡು ಹೋಳಾಗಿತ್ತು. ತೊಳೆಯುವಾಗ ಕೈಜಾರಿತು ಎಂದು ಮೇಷ್ಟರು ಮೊಬೈಲಿನಲ್ಲಿ ಬರೆದು ತಿಳಿಸಿದ್ದರು; ಕೆಳಗಿನ ಹಲ್ಲಿಲ್ಲದೆ ಮಾತಾಡಲು ಅವರಿಗೆ ನಾಚಿಕೆ. ನಿಜವಾಗಿ ಕೈಜಾರಿತೋ, ಇಲ್ಲ ಯಾರ ಮೇಲಿನ ಸಿಟ್ಟಿಗೋ ಹಲ್ಲು ಕಡಿದು ಮುರಿದುಕೊಂಡರೋ? ಜೀವಮಾನವಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ. ಫುಟ್‌ಬಾಲ್ ಪಂದ್ಯದ ದಿನ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಅವನ ಎಡಕ್ಕೆ ನಿಲ್ಲುವವರು. ಅಂಥವರು ಹೆಸರು ಮರೆಸಿಕೊಂಡು ಕತ್ತಲಲ್ಲಿ ಕಲ್ಲು ಹೊಡೆಯುತ್ತಾರೆಯೇ? ಹೊಡೆಯಬಹುದು. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ ಅವನು ಹಲ್ಲುಸೆಟ್ಟು ಕಟ್ಟುವ ಈ ಇಕ್ಕಟ್ಟು ಕೋಣೆಯಲ್ಲಿ ಕಪಾಟಿನ ತುಂಬ ಜನರ ಬಾಯಿಯ ಅಚ್ಚುಗಳು ಸಾಲಾಗಿ ಕೂತಿದ್ದವು, ಎಲ್ಲವೂ ಅರ್ಧ ತೆರೆದು. ಇಷ್ಟು ಬಾಯಿಗಳ ಅಳತೆ ತೆಗೆದವನಿಗೆ ಒಂದು ಬಾಯಿಯ ಮೇಲೂ ನಂಬಿಕೆ ಉಳಿದಿರಲಿಲ್ಲ. ಹೋಳುಗಳನ್ನು ಜೋಡಿಸಿ, ಬಿರುಕಿಗೆ ಮೇಣ ಸುರಿದು, ಅದು ಗಟ್ಟಿಯಾಗುವ ತನಕ ಬೆರಳಲ್ಲಿ ಒತ್ತಿ ಹಿಡಿದ. ಇನ್ನೊಂದು ಕೈ ತಾನಾಗಿಯೇ ಮೊಬೈಲಿನ ಕಡೆ ಹೋಯಿತು.

‘ಬೆನ್ನ ಹಿಂದೆ’ ಎಂದು, ಯಾರದೆಂದು ಗೊತ್ತಿಲ್ಲದ ಆ ಖಾತೆಯ ಹೆಸರು. ಮುಖವಿರಬೇಕಾದ ಕಡೆ ಗೋಲಿನ ಬಲೆಯ ಚಿತ್ರ. ಈ ಸಲದ ಪಂದ್ಯಗಳ ಋತು ಶುರುವಾದಾಗ ಎಲ್ಲಿಂದಲೋ ಹುಟ್ಟಿಕೊಂಡು, ನೋಡನೋಡುತ್ತ ಊರಿನ ಅರ್ಧ ಜನರನ್ನು ಹಿಂದೆ ಕಟ್ಟಿಕೊಂಡಿತ್ತು. ಅದಕ್ಕೆ ಬೇರೆ ಆಟಗಾರರ ಗೊಡವೆಯಿಲ್ಲ, ತರಬೇತುದಾರನ ಗೊಡವೆಯಿಲ್ಲ. ಇದ್ದದ್ದೆಲ್ಲ ಗೋಲ್‌ಕೀಪರನ ಮೇಲೆ. ಗೋಲ್‌ಕೀಪರ್ ಎಂದರೆ ಅವನ ಅಕ್ಕನ ಮಗ. ಚೆಂಡು ಕೈಗೆ ಬಂದರೆ ಬಿಡುವುದಿಲ್ಲವೆಂದು ಗ್ಯಾಲರಿಯವರೇ ಮುದ್ದಿನಿಂದ ‘ಅಂಟು’ ಎಂದು ಹೆಸರಿಟ್ಟಿದ್ದರು. ಈಗ ಆ ಖಾತೆ ಬರೆದಿತ್ತು: ‘ಅಂಟು ಒಣಗಿದೆ, ಹೊಸ ಡಬ್ಬಿ ತನ್ನಿ.’ ಇನ್ನೊಂದು ದಿನ: ‘ಕಿಟಕಿ ಮುಚ್ಚಪ್ಪ, ಮನೆಯೊಳಗೆ ಚೆಂಡು ಬರ್ತಿದೆ.’ ಇದು ಮೇಷ್ಟರದೇ ಮಾತು, ಸಂಶಯವೇ ಇಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೆ ಹೇಳುತ್ತಿದ್ದದ್ದನ್ನು ಗ್ಯಾಲರಿಗೆ ತಂದವರು ಅವರು. ಮತ್ತೊಂದು: ‘ಇದು ಚೆಂಡು ಹಿಡಿಯೋ ಕೈ ಅಲ್ಲ, ಔಷಧಿ ಬೇಡ ಅನ್ನೋ ಪೇಷಂಟಿನ ಕೈ.’ ಇದು ನರ್ಸಮ್ಮನ ಮಾತು. ಹಗಲಿಡೀ ವಾರ್ಡಿನಲ್ಲಿ ಸಿರಿಂಜು ಹಿಡಿದು ಓಡಾಡಿ, ಪಂದ್ಯದ ದಿನ ಅವನ ಬಲಕ್ಕೆ ನಿಲ್ಲುವ ನರ್ಸಮ್ಮನಲ್ಲದೆ ಇನ್ಯಾರಿಗೆ ಹೊಳೆಯಬೇಕು? ಹಾಗಾದರೆ ಇಬ್ಬರೂ ಸೇರಿದ್ದಾರೆಯೇ? ಅಥವಾ ಒಬ್ಬರು ಇನ್ನೊಬ್ಬರ ಮಾತು ಕದ್ದು, ಸಿಕ್ಕಿಬಿದ್ದರೆ ಅವರು ಬೀಳಲಿ ಎಂದು ಹೂಡಿದ ಆಟವೇ?

ಇದೆಲ್ಲ ಹೋಗಲಿ ಎನ್ನಬಹುದಿತ್ತು. ಹೋಗಲಿ ಎನ್ನಲು ಬಿಡದ ಮಾತು ಒಂದಿತ್ತು: ‘ಎಡಕ್ಕೆ ಹಾರೋ ಮುಂಚೆ ಅವನ ಮೊಣಕಾಲು ಒಂದು ಸಲ ಯೋಚನೆ ಮಾಡುತ್ತೆ.’ ಅದು ಅವನ ಸ್ವಂತ ಮಾತು. ಅಂಟು ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಓಣಿಯ ಕೊನೆಯ ಗೋಡೆಗೆ ಸುಣ್ಣದಲ್ಲಿ ಗೋಲು ಬರೆದು ಸಂಜೆಯೆಲ್ಲ ಚೆಂಡು ಒದೆಯುತ್ತಿದ್ದವನು ಮಾವನಾದ ಅವನೇ. ಬಲಕ್ಕೆ ಒದ್ದರೆ ಹುಡುಗ ಬೆಕ್ಕಿನ ಹಾಗೆ ಹಾರುತ್ತಿದ್ದ. ಎಡಕ್ಕಾದರೆ ಒಂದು ಚೂರು, ಕಣ್ಣಿಗೆ ಕಾಣದಷ್ಟು ಚೂರು, ತಡೆದು ಹಾರುತ್ತಿದ್ದ. ಬೇರೆ ಯಾರಿಗೂ ಕಾಣದ್ದು ತನಗೆ ಕಾಣುತ್ತದಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಗೇ ಬಾಯಿ ಬಿಟ್ಟನೇ? ಬಿಟ್ಟಿದ್ದ, ಹೋದ ಋತುವಿನಲ್ಲಿ ಒಂದು ದಿನ, ಕಂಬಿಗೆ ಒರಗಿ, ತನಗೆ ತಾನೇ ಹೇಳಿಕೊಳ್ಳುವಂತೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿರಬೇಕು. ಈಗ ಅದು ಸಾವಿರಾರು ಜನರ ಬಾಯಿಗೆ ಬಿದ್ದಿತ್ತು. ಅದು ಪ್ರಕಟವಾದ ಮೇಲೆ ಬಂದ ಎದುರಾಳಿಗಳೆಲ್ಲ ಅಂಟುವಿನ ಎಡಕ್ಕೇ ಒದೆಯತೊಡಗಿದರು, ಒದ್ದದ್ದು ಬಲೆಗೆ ಬೀಳತೊಡಗಿತು. ಇಷ್ಟಾದರೂ ಅದನ್ನು ಮೊದಲ ಸಲ ನೋಡಿದ ಗಳಿಗೆಯಲ್ಲಿ ಅವನಿಗೆ ಆದದ್ದು ಸಂಕಟವಲ್ಲ. ನನ್ನ ಮಾತು! ಎಷ್ಟು ಚೆನ್ನಾಗಿ ಹೇಳಿದ್ದೇನೆ! ಯಾರ್ಯಾರೋ ಕಾಣದವರು, ಮೈದಾನದ ಮುಖ ನೋಡದವರು, ಕೆಳಗೆ ಬರೆದಿದ್ದರು: ಎಂಥ ಕಣ್ಣು, ಎಂಥ ಮಾತು. ಹೆಬ್ಬೆರಳು ಹೋಗಿ ಹೃದಯದ ಗುರುತನ್ನು ಒತ್ತಿತು. ಅದು ಕೆಂಪಗಾದದ್ದನ್ನು ನೋಡಿ ಬೆಚ್ಚಿಬಿದ್ದು, ಮತ್ತೆ ಒತ್ತಿ ಬಿಳಿ ಮಾಡಿದ. ಒತ್ತಿದ್ದು, ತೆಗೆದದ್ದು, ಉಸಿರು ಎಳೆದು ಬಿಡುವಷ್ಟರಲ್ಲಿ ಮುಗಿದಿತ್ತು. ಯಾರು ನೋಡಿರುತ್ತಾರೆ? ಯಾರೂ ನೋಡಿರಲಾರರು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಮೊಬೈಲು ಕೈಯಲ್ಲೇ ನಡುಗಿತು. ಅಕ್ಕ.

‘ಏನೋ, ಕೆಲಸದಲ್ಲಿದೀಯಾ?’

‘ಹೂಂ, ಹೇಳಕ್ಕ.’

‘ಇವನು ನಿನ್ನೆಯಿಂದ ಬಾಗಿಲು ಹಾಕ್ಕೊಂಡು ಕೂತಿದಾನೆ. ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂತಾನೆ. ಆ ದರಿದ್ರ ಮೊಬೈಲು ಮಾತ್ರ ಕೈ ಬಿಟ್ಟಿಲ್ಲ.’

‘ಕಿತ್ಕೊಂಡು ಬಿಸಾಕು.’

‘ಮೀಸೆ ಬಂದ ಮಗನ ಕೈಯಿಂದ ಏನೋ ಕಿತ್ಕೊಳ್ಳೋದು. ಇವತ್ತೊಂದು ಮ್ಯಾಚ್ ಆಡಿ ಬಿಟ್ಬಿಡ್ತೀನಿ ಅಂತಿದಾನೆ. ಅನ್ನ ಕೊಡ್ತಿರೋ ಕೆಲಸ ಕಣೋ ಅದು.’ ಅಕ್ಕ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಅವನಿಗೆ ಮೊದಲಿನಿಂದಲೂ ಭಯ. ‘ಆ ಎಡಗಡೆ ವಿಷಯ ಯಾರಿಗೆ ಗೊತ್ತಿತ್ತು, ನೀನೇ ಹೇಳು. ನನಗೆ, ಅವನಿಗೆ, ನಿನಗೆ. ನಿಮ್ಮ ಭಾವಂಗೆ ಗೊತ್ತಿತ್ತು. ಅವರಂತೂ ಮೇಲಿಂದ ಇಳಿದು ಬಂದು ಬರೆದಿರಲ್ಲ.’

ಅವನು ನಕ್ಕ. ಅಕ್ಕ ನಗಲಿಲ್ಲ. ನಕ್ಕದ್ದು ತಪ್ಪಾಯಿತೆಂದು ತಿಳಿದು ಕೆಮ್ಮಿದ.

‘ಗೋಲಿನ ಹಿಂದೆ ನಿಲ್ಲೋರಲ್ಲೇ ಯಾರೋ ಅಂತ ಅವನು ಹೇಳ್ತಿದಾನೆ. ನೀನೂ ಅಲ್ಲೇ ನಿಲ್ಲೋನು. ಯಾರು ಅಂತ ಇವತ್ತು ತಿಳ್ಕೊಂಡು ನನಗೆ ಹೇಳು. ಆಗಲಿಲ್ಲ ಅಂದ್ರೆ ನಮ್ಮನೆ ಕಡೆ ಬರಬೇಡ.’

‘ಅಕ್ಕ, ನನ್ನ ಮೇಲೆ ನಿನಗೆ...’

‘ನಾನೇನಾದ್ರೂ ಅಂದ್ನಾ?’ ಎಂದು ಫೋನು ಇಟ್ಟಳು.

ಮೇಣ ಹಿಡಿದಿತ್ತು, ಆದರೆ ಅವನ ಬೆರಳು ಅಲುಗಿ ಹೋಳುಗಳು ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದವು. ಮತ್ತೆ ಬಿಡಿಸಿ ಮೊದಲಿನಿಂದ ಜೋಡಿಸಿ, ಬಿರುಕಿಗೆ ಅಕ್ರಿಲಿಕ್ ತುಂಬಿ ಗಟ್ಟಿಮಾಡಬೇಕಾಯಿತು. ನಮ್ಮನೆ ಎಂದಳು. ತಾನು ಹೆಗಲ ಮೇಲೆ ಹೊತ್ತು ತಿರುಗಿದ ಹುಡುಗನ ಮನೆ ಇಷ್ಟು ಬೇಗ ಅವಳ ಮನೆ ಮಾತ್ರ ಆಗಿಬಿಟ್ಟಿತು. ಅಂಟು ಕೂಡ ಈಚೆಗೆ ಇವನು ಹೋದರೆ ‘ಬನ್ನಿ ಮಾವ’ ಎಂದು ಎದ್ದು ಒಳಗೆ ಹೋಗಿಬಿಡುತ್ತಾನೆ. ಗೌರವಕ್ಕೆ ಎದ್ದದ್ದೋ, ತಪ್ಪಿಸಿಕೊಳ್ಳಲು ಎದ್ದದ್ದೋ?

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಮೊಬೈಲು ಅವಳ ತಟ್ಟೆಯ ಪಕ್ಕದಲ್ಲಿ ಬೋರಲಾಗಿತ್ತು. ಯಾಕೆ ಬೋರಲು? ಮೊದಲೂ ಹೀಗೇ ಇಡುತ್ತಿದ್ದಳೇ? ಇವಳಿಗೂ ಆ ಮೊಣಕಾಲಿನ ಮಾತು ಗೊತ್ತಿತ್ತಲ್ಲ, ಅಕ್ಕ ಇವಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಫುಟ್‌ಬಾಲೆಂದರೆ ಮೂಗು ಮುರಿಯುವವಳು. ಆದರೆ ಅಕ್ಕನ ಮನೆಯ ವಿಷಯಕ್ಕೆ ಬಂದರೆ ಹಳೆಯ ಮುನಿಸುಗಳನ್ನು ಉಪ್ಪಿನಕಾಯಿಯಂತೆ ಭದ್ರವಾಗಿ ಇಟ್ಟಿರುವವಳು. ಎತ್ತಿದ ತುತ್ತನ್ನು ಅವನು ತಟ್ಟೆಗೇ ಇಳಿಸಿದ.

‘ನಾನು ಅಂಟು ವಿಷಯ ಏನಾದ್ರೂ ಹೇಳಿದ್ರೆ ನೀನು ಯಾರ ಹತ್ತಿರಾನಾದ್ರೂ ಅಂತೀಯಾ?’

ಅವಳು ಕೈ ನಿಲ್ಲಿಸಿ ಅವನನ್ನು ನೋಡಿದಳು. ‘ರೀ, ಊಟದ ಹೊತ್ತಲ್ಲಿ ಪೊಲೀಸ್ ಆಗಬೇಡಿ. ನೀವು ಮಾತಾಡೋದನ್ನ ಕೇಳಿಸ್ಕೊಳ್ಳೋಕೇ ನನಗೆ ಪುರುಸೊತ್ತಿಲ್ಲ, ಇನ್ನು ಸಾರೋದಕ್ಕೆಲ್ಲಿಂದ ಬರಬೇಕು?’

‘ಸುಮ್ನೆ ಕೇಳ್ದೆ.’

‘ಸುಮ್ನೆ ಕೇಳೋ ಮುಖ ಅಲ್ಲ ಅದು.’ ಬೋರಲಾಗಿದ್ದ ಮೊಬೈಲನ್ನು ಎತ್ತಿ ಅವನ ತಟ್ಟೆಯ ಹತ್ತಿರ ತಳ್ಳಿದಳು. ‘ತಗೊಳ್ಳಿ, ನೋಡಿ. ನಮ್ಮ ತಂಗಿ, ಮಗೂಗೆ ಹಲ್ಲು ಬಂದಿರೋ ಫೋಟೋ ಕಳಿಸಿದಾಳೆ. ಅದನ್ನೂ ಅಳತೆ ತಗೊಳ್ಳಿ.’

ಅವನು ನೋಡಲಿಲ್ಲ. ನೋಡದಿದ್ದದ್ದು ದೊಡ್ಡತನಕ್ಕಲ್ಲ, ನೋಡಿದರೆ ತಾನು ಇನ್ನೂ ಸಣ್ಣವನಾಗುತ್ತೇನೆಂದು. ಕೈ ತೊಳೆಯುವಾಗ ಹಿಂದಿನಿಂದ ಅವಳು ಮೆಲ್ಲಗೆ ನಕ್ಕದ್ದು ಕೇಳಿಸಿತು. ಹಲ್ಲುಸೆಟ್ಟಿನ ಡಬ್ಬಿಯನ್ನು ಜೇಬಿಗಿಳಿಸಿಕೊಂಡು ಹೊರಬಿದ್ದ.

ಮೈದಾನದ ಗೇಟಿನಿಂದ ಗೋಲಿನ ಹಿಂದಿನ ಗ್ಯಾಲರಿಗೆ ಹೋಗುವ ಸಿಮೆಂಟಿನ ದಾರಿಯಲ್ಲಿ ಜನ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದರು, ಒಬ್ಬೊಬ್ಬರ ಮುಖಕ್ಕೂ ಕೆಳಗಿನಿಂದ ಸಣ್ಣ ಬೆಳಕು. ಹಿಂದೆಲ್ಲ ಈ ದಾರಿಯಲ್ಲಿ ಹೆಜ್ಜೆಯಿಟ್ಟರೆ ಸಾಕು, ಯಾರೋ ಹೆಗಲಿಗೆ ಹೆಗಲು ಕೊಟ್ಟು ‘ಇವತ್ತು ಏನು ಕಥೆ ಹಲ್ಲಣ್ಣ?’ ಎಂದು ಶುರುಮಾಡುತ್ತಿದ್ದರು. ಗ್ಯಾಲರಿಯವರ ಬಾಯಲ್ಲಿ ಅವನು ಹಲ್ಲಣ್ಣ. ಆಗ ಬಯ್ಯುವುದೆಂದರೆ ಬಾಯಿಬಿಟ್ಟು ಬಯ್ಯುವುದು. ಗೋಲಿಗೂ ಗ್ಯಾಲರಿಯ ಕಂಬಿಗೂ ನಡುವೆ ಇರುವುದು ಒಂದು ಬಲೆ, ಒಂದಿಷ್ಟು ಹುಲ್ಲು. ಗೋಲ್‌ಕೀಪರ್ ಆದವನು ಆಟವಿಡೀ ಇವರಿಗೆ ಬೆನ್ನು ಕೊಟ್ಟು ನಿಂತಿರಬೇಕು. ಚೆಂಡು ಬಿಟ್ಟನೋ, ಅವನ ಬೆನ್ನಿಗೆ ಮಂಗಳಾರತಿ. ಆದರೆ ಅದಕ್ಕೊಂದು ಕಟ್ಟುಪಾಡಿತ್ತು: ಆ ದಿನ ಯಾರು ಎಲ್ಲರಿಗಿಂತ ಜೋರಾಗಿ ಬಯ್ದರೋ, ಆಟ ಮುಗಿದ ಮೇಲೆ ಅವರೇ ಕಂಬಿಯ ಹತ್ತಿರ ಹೋಗಿ ತಮ್ಮ ಬಾಟಲಿಯ ನೀರು ಕೊಡಬೇಕು. ಗೋಲ್‌ಕೀಪರ್ ನೆಟ್ಟಗೆ ಬಂದು ಆ ದನಿಯವರ ಎದುರೇ ನಿಂತು ಕೈಚಾಚುತ್ತಿದ್ದ. ಅವನಿಗೆ ತಿರುಗಿ ನೋಡದೆಯೇ ಎಲ್ಲರ ದನಿಯೂ ಗೊತ್ತು. ಅಂಟು ತಂಡಕ್ಕೆ ಸೇರಿದ ಮೊದಲ ವರ್ಷ ನರ್ಸಮ್ಮನ ನೀರು ಕುಡಿದೂ ಕುಡಿದೂ, ‘ಅಕ್ಕಾ, ಮುಂದಿನ ಸಲ ಬಯ್ಯೋದಿದ್ರೆ ತಣ್ಣೀರು ತನ್ನಿ’ ಅಂದದ್ದಕ್ಕೆ ಗ್ಯಾಲರಿಯೆಲ್ಲ ಬಿದ್ದೂ ಬಿದ್ದೂ ನಕ್ಕಿತ್ತು. ಈಗ ಯಾರೂ ಬಯ್ಯುವುದಿಲ್ಲ. ಚೆಂಡು ಬಲೆಗೆ ಬಿದ್ದರೆ ಎಲ್ಲರ ಕೈಯೂ ಮೊದಲು ಜೇಬಿಗೆ ಹೋಗುತ್ತದೆ. ಕಣ್ಣೆದುರು ಆದದ್ದನ್ನೇ ಮತ್ತೆ ಪರದೆಯಲ್ಲಿ ನೋಡಿ, ಬೇರೆಯವರು ಏನು ಬರೆದಿದ್ದಾರೆಂದು ಓದಿ, ಆಮೇಲೆ ತಮಗೆ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಾರೆ. ಬಯ್ಯದವರು ನೀರು ಯಾಕೆ ಕೊಡಬೇಕು? ಆಟ ಮುಗಿದ ತಕ್ಷಣ ಅಂಟು ತಲೆ ತಗ್ಗಿಸಿ ಡ್ರೆಸಿಂಗ್ ರೂಮಿನ ಕಡೆ ನಡೆದುಬಿಡುತ್ತಾನೆ.

ಮೇಷ್ಟರು ಬಾಯಿಗೆ ಕರವಸ್ತ್ರ ಹಿಡಿದು ಕಾಯುತ್ತಿದ್ದರು. ಡಬ್ಬಿ ಕೊಟ್ಟ. ಅತ್ತ ತಿರುಗಿ ಸೆಟ್ಟು ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, ‘ಆಹಾ, ಈಗ ಮನುಷ್ಯ ಆದೆ ಕಣಯ್ಯಾ’ ಎಂದರು. ಆ ಕೃತಜ್ಞತೆ ನೋಡಿ ಅವನಿಗೆ ಒಂದು ಗಳಿಗೆ ಅವರನ್ನು ಬಿಟ್ಟುಬಿಡೋಣ ಅನ್ನಿಸಿತು. ಆದರೆ ದಾರಿಯುದ್ದಕ್ಕೂ ಹೂಡಿಕೊಂಡು ಬಂದ ಉಪಾಯ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು, ‘ಮೇಷ್ಟ್ರೇ, ನಿಮಗೆ ಮಾತ್ರ ಹೇಳ್ತಿದೀನಿ, ಅಂಟು ಬಲಗೈ ಮಣಿಕಟ್ಟು ಊದಿದೆ. ಯಾರಿಗೂ ಗೊತ್ತಿಲ್ಲ’ ಎಂದ. ಮೇಷ್ಟರು ಅಯ್ಯೋ ಪಾಪ ಎಂದರು. ನರ್ಸಮ್ಮ ಬಂದಾಗ ಅವಳಿಗೆ ಬೇರೆಯೇ ಸುಳ್ಳು: ‘ಅವನು ಬೇರೆ ಟೀಮಿಗೆ ಹೋಗೋದು ನಿಶ್ಚಯ ಆಯ್ತು, ನಿಮ್ಮ ಹತ್ತಿರಾನೇ ಇರಲಿ.’ ಯಾವ ಸುಳ್ಳು ‘ಬೆನ್ನ ಹಿಂದೆ’ಯಲ್ಲಿ ಬರುತ್ತದೋ ಅದನ್ನು ಕೇಳಿದವರ ಬಾಯಿ ಸಿಕ್ಕಿಬಿದ್ದ ಹಾಗೆ.

ಆಟ ಶುರುವಾಯಿತು. ಮೊದಲರ್ಧದಲ್ಲಿ ಇತ್ತಲಿನ ಗೋಲು ಅಂಟುವಿನದು. ಬೂಟಿನಿಂದ ಎರಡೂ ಕಂಬ ಮುಟ್ಟಿ ನಿಂತ. ಗ್ಯಾಲರಿಯ ಕಡೆ ನೋಡಲಿಲ್ಲ. ಅಂಗಿಯ ಬೆನ್ನು ಆಗಲೇ ಬೆವರಿಗೆ ಕಪ್ಪಾಗಿತ್ತು. ಆ ಬೆನ್ನನ್ನು ನೋಡುತ್ತ ಅವನು ಅತ್ತಿತ್ತ ಕಣ್ಣು ಹಾಯಿಸುತ್ತಿದ್ದ: ಮೇಷ್ಟರು ಏನೋ ಬರೆಯುತ್ತಿದ್ದಾರೆ, ಬೆರಳು ತಡವರಿಸುತ್ತಿದೆ. ನರ್ಸಮ್ಮ ಮೊಬೈಲನ್ನು ಎದೆಗೆ ಒತ್ತಿಕೊಂಡಿದ್ದಾಳೆ. ತಾನು ನೋಡಿದ್ದು ಕಂಡು ಒತ್ತಿಕೊಂಡಳೇ? ಇಷ್ಟು ವರ್ಷ ಇವರ ನಡುವೆ ನಿಂತು ಗೋಲಿಗೆ ಕುಣಿದಿದ್ದೇನೆ, ಸೋತಾಗ ಈಕೆಯ ಹೆಗಲ ಮೇಲೆ ಅತ್ತಿದ್ದೇನೆ. ಈಗ ಇಬ್ಬರ ನಡುವೆ ಕಳ್ಳನ ಹಾಗೆ ನಿಂತಿದ್ದೇನೆ. ಹಾಗಂದುಕೊಳ್ಳುವಷ್ಟರಲ್ಲಿ ನರ್ಸಮ್ಮ ಅವನ ಕಡೆ ಬಾಗಿದಳು.

‘ಹಲ್ಲಣ್ಣ, ಒಂದು ಮಾತು. ಅವನು ಟೀಮು ಬಿಡ್ತಾನೆ ಅಂತ ನನಗೆ ಹೇಳಿದ್ರಿ. ಮೇಷ್ಟ್ರಿಗೆ ಮಣಿಕಟ್ಟು ಅಂದ್ರಂತೆ.’

ಅವನ ಕಿವಿ ಬಿಸಿಯಾಯಿತು. ‘ಅದು... ಎರಡೂ...’

‘ಡಿಪ್ಲೊಮಾ ಮಾಡಿರೋ ನರ್ಸು ನಾನು. ಮಣಿಕಟ್ಟು ಊದಿರೋನು ಆ ಥರ ಗ್ಲವ್ಸ್ ಎಳ್ಕೊಳ್ಳಲ್ಲ. ನಮ್ಮನ್ನ ಪರೀಕ್ಷೆ ಮಾಡ್ತಿದೀರಾ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ‘ನಿಜ ಹೇಳ್ಬೇಕು ಅಂದ್ರೆ ಅದನ್ನ ಬರೆಯೋರು ನೀವೇ ಅಂತ ನಾವಿಬ್ರೂ ಅಂದ್ಕೊಂಡಿದ್ವಿ. ಮನೆಯವರ ಹೊರತು ಅದೆಲ್ಲ ಯಾರಿಗೆ ಗೊತ್ತಿರತ್ತೆ? ಕೇಳೋದಕ್ಕೆ ಸಂಕೋಚ ಆಗಿ ಸುಮ್ನಿದ್ವಿ.’

ಹೀಗೆಂದು ಮೊಬೈಲು ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಹೋದಳು, ಅಲ್ಲಿಂದ ವಿಡಿಯೊ ಚೆನ್ನಾಗಿ ಬರುತ್ತದೆಂದು. ಮೇಷ್ಟರು ಕೆಳಗೆ ನೋಡುತ್ತ, ಒಂದಕ್ಕೆ ಹೋಗಿಬರುತ್ತೇನೆಂದು ಗೊಣಗಿ ಜಾಗ ಖಾಲಿ ಮಾಡಿದರು. ಕಂಬಿಯ ಬಳಿ ಅವನೊಬ್ಬನೇ ಉಳಿದ. ಇವರ ಕಣ್ಣಲ್ಲೂ ನಾನೇ. ಇಷ್ಟು ದಿನ ಎಡಬಲ ನಿಂತು ನನ್ನ ಬೆರಳನ್ನು ಕಾಯುತ್ತಿದ್ದವರು ಇವರೇ ಎಂದಮೇಲೆ, ನಾನು ಇವರ ಬೆರಳನ್ನು ಕಾದು ಏನು ಬಂತು? ಆಗ ಎದುರಾಳಿಗಳ ಆಟಗಾರನೊಬ್ಬ ಚೆಂಡು ತಳ್ಳಿಕೊಂಡು ಒಳಗೆ ನುಗ್ಗಿ, ಯೋಚಿಸದೆ, ಅಂಟುವಿನ ಎಡಕ್ಕೆ ಒದ್ದ. ಮೊಣಕಾಲು ತಡೆಯಿತು. ಆ ಚೂರು ತಡೆಯನ್ನು ಅವನು ಹುಡುಗನ ಬಾಲ್ಯದಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಂಡ. ಚೆಂಡು ಬಲೆಯನ್ನು ಉಬ್ಬಿಸಿ ಕೆಳಗೆ ಜಾರಿತು. ಗ್ಯಾಲರಿಯಲ್ಲಿ ಒಂದು ‘ಛೆ’ ಕೂಡ ಇಲ್ಲ. ಎಲ್ಲ ತಲೆಗಳೂ ಒಟ್ಟಿಗೆ ಬಗ್ಗಿದವು. ಅಂಟು ನಿಧಾನವಾಗಿ ಎದ್ದು, ಬಲೆಯೊಳಗೆ ಬಗ್ಗಿ ಚೆಂಡನ್ನು ಎತ್ತಿಕೊಳ್ಳಲು ಬಂದ. ಮುಖ ಇತ್ತ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಕಂಬಿಗೆ ಹಣೆ ಒತ್ತಿ ನಿಂತಿದ್ದ ಅವನ ಬಾಯಿಂದ, ಅವನಿಗೇ ಗೊತ್ತಿಲ್ಲದೆ, ‘ಮನೆಗೆ ಹೋಗಿಬಿಡು ಮಗಾ’ ಎಂಬ ಮಾತು ಜಾರಿತು. ಬಯ್ಗುಳವಲ್ಲ ಅದು. ಜ್ವರ ಬಂದ ಮಗುವಿಗೆ ಮಲಗು ಎನ್ನುವಂಥ ಮಾತು. ಅಷ್ಟು ಮೆಲ್ಲಗೆ ಹೇಳಿದ್ದು ಅವನಿಗೇ ಸರಿಯಾಗಿ ಕೇಳಿಸಿರಲಿಲ್ಲ. ಅಂಟು ತಲೆ ಎತ್ತದೆ ಚೆಂಡನ್ನು ನಡುಮೈದಾನಕ್ಕೆ ಒದ್ದ.

ವಿರಾಮದಲ್ಲಿ ಮೇಷ್ಟರು ವಾಪಸು ಬಂದರು, ಸ್ವಲ್ಪ ಹೊತ್ತು ಏನೂ ಆಗದವರಂತೆ ಮೋಡ ನೋಡಿದರು. ನರ್ಸಮ್ಮ ಮೇಲಿನಿಂದ ದಡದಡ ಇಳಿದು ಬಂದು ಪರದೆಯನ್ನು ಇಬ್ಬರ ಮೂಗಿಗೂ ಹಿಡಿದಳು. ‘ನೋಡಿ, ಈಗಷ್ಟೇ ಬಂತು. ಯಾವ ಜನ್ಮದ ದ್ವೇಷನೋ ಇದಕ್ಕೆ.’ ಬಲೆಯ ಚಿತ್ರ. ಕೆಳಗೆ ಒಂದೇ ಸಾಲು: ‘ಮನೆಗೆ ಹೋಗಿಬಿಡು ಮಗಾ.’ ಅವನು ನೋಡನೋಡುತ್ತಲೇ ಹೃದಯಗಳು ಏರುತ್ತಿದ್ದವು, ನಗುವ ಮುಖಗಳು ಏರುತ್ತಿದ್ದವು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಓದಿ, ‘ಇದು ನಮ್ಮಲ್ಲಿ ಯಾರೂ ಅಂದಿದ್ದಲ್ಲವಲ್ಲ’ ಎಂದರು. ಅವನು ಖಾಲಿ ಗೋಲಿನ ಬಲೆಯ ಕಡೆ ತಿರುಗಿದ. ನರ್ಸಮ್ಮ ಮೇಲಿದ್ದಳು. ಮೇಷ್ಟರು ಇರಲೇ ಇಲ್ಲ. ಹೆಂಡತಿ ಮನೆಯಲ್ಲಿ. ಆ ಮಾತು ಹುಟ್ಟಿದಾಗ ಬಲೆಯ ಈಚೆ ಅವನಿದ್ದ, ಬಲೆಯ ಆಚೆ ಇನ್ನೊಬ್ಬನಿದ್ದ. ಕಿಟಕಿ ಮುಚ್ಚಪ್ಪ ಎಂಬುದೂ, ಪೇಷಂಟಿನ ಕೈ ಎಂಬುದೂ, ಮೊಣಕಾಲಿನ ಯೋಚನೆಯೂ, ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಳ್ಳಬಲ್ಲ ಜಾಗದಲ್ಲಿ ವರ್ಷಗಟ್ಟಲೆ ನಿಂತವನು ಒಬ್ಬನೇ. ಆ ಬೆನ್ನಿಗೆ ಕಿವಿಗಳಿವೆ ಎಂಬುದೇ ಇವರಿಗೆ ಮರೆತುಹೋಗಿತ್ತು.

‘ಯಾಕೆ ಹಲ್ಲಣ್ಣ, ಮುಖ ಹೀಗಾಯ್ತು? ಕೂತ್ಕೊಳ್ಳಿ’ ಎಂದು ನರ್ಸಮ್ಮ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು. ಏನಿಲ್ಲ, ಬಿಸಿಲು, ಎಂದ. ಮೋಡ ಕವಿದಿತ್ತು. ಅವಳು ಮೇಷ್ಟರ ಮುಖ ನೋಡಿದಳು. ನೋಡಲಿ. ಇವತ್ತು ಇಬ್ಬರೂ ಏನು ಬೇಕಾದರೂ ಅಂದುಕೊಳ್ಳಲಿ.

ಎರಡನೆಯ ಅರ್ಧದಲ್ಲಿ ತಂಡಗಳು ಬದಿ ಬದಲಾಯಿಸಿದವು. ಅಂಟು ಆಚೆ ತುದಿಯ ಗೋಲಿನಲ್ಲಿ ಒಂದು ಹಳದಿ ಚುಕ್ಕೆ. ಅವನ ಕಣ್ಣು ಚೆಂಡಿನ ಮೇಲೆ ನಿಲ್ಲಲಿಲ್ಲ. ಯಾಕೆ? ತನ್ನ ಮೈಮೇಲೆ ತಾನೇ ಉಗಿದುಕೊಳ್ಳುವುದರಲ್ಲಿ ಯಾವ ಸುಖ? ಎದುರಾಳಿಗಳಿಗೆ ತನ್ನ ಎಡಗಡೆಯನ್ನು ತಾನೇ ತೋರಿಸಿಕೊಟ್ಟನೇ? ಹುಚ್ಚೇ? ಇಲ್ಲ, ಇದರ ಹಿಂದೆ ಏನೋ ಲೆಕ್ಕವಿದೆ, ನನ್ನನ್ನು ಸಿಕ್ಕಿಸಲು ಹೂಡಿದ ಆಟವಿದೆ ಎಂದು ಮನಸ್ಸು ಹಳೆಯ ಜಾಡಿನಲ್ಲೇ ಓಡಿತು. ತಾನು ಹೊತ್ತು ತಿರುಗಿದ ಹುಡುಗನನ್ನೂ ಸಂಶಯಿಸುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಸಂಶಯ ನಿಲ್ಲಲಿಲ್ಲ. ಅಲ್ಲಿ ಮತ್ತೊಂದು ಗೋಲು ಆಯಿತು, ಯಾವ ಕಡೆಯಿಂದ ಹೋಯಿತೆಂದು ಕೂಡ ಇಲ್ಲಿಗೆ ಕಾಣಲಿಲ್ಲ; ಸುತ್ತಲಿನವರು ಮೊಬೈಲು ನೋಡಿ ‘ಎಡಕ್ಕೇ’ ಎಂದರು. ಸೀಟಿ ಊದಿ ಆಟ ಮುಗಿಯಿತು. ಮೇಷ್ಟರೂ ನರ್ಸಮ್ಮನೂ ಬರುತ್ತೇವೆಂದು ಹೇಳಿ, ಎಂದಿನ ಹಾಗೆ ಅವನಿಗಾಗಿ ಕಾಯದೆ, ಒಟ್ಟಿಗೆ ಹೊರಟರು. ಅವರು ಗೇಟು ದಾಟುವವರೆಗೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂದು ಅವನಿಗೆ ಖಾತ್ರಿಯಿತ್ತು.

ಗ್ಯಾಲರಿ ಖಾಲಿಯಾಯಿತು. ಸಂಜೆಯ ಬೆಳಕಿನ್ನೂ ಹುಲ್ಲಿನ ಮೇಲಿತ್ತು. ಅವನು ಕಂಬಿ ಹಿಡಿದು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಡ್ರೆಸಿಂಗ್ ರೂಮಿನ ಬಾಗಿಲಿಂದ ಅಂಟು ಹೊರಬಂದು, ಅವನನ್ನು ನೋಡಿ ನಿಂತು, ಆಮೇಲೆ ಚಪ್ಪಲಿಯಲ್ಲೇ ಹುಲ್ಲು ದಾಟಿ ಬಂದ. ಕೈಯಲ್ಲಿ ಮೊಬೈಲಿತ್ತು.

‘ಗೊತ್ತಾಯ್ತಾ ಮಾವ?’

‘ಯಾಕೋ?’ ಎಂದ ಅವನು.

‘ಮೊದಲು ನೀವೆಲ್ಲ ಬಯ್ತಿದ್ರಿ. ಹಿಂದೆ ಯಾರಿದಾರೆ, ಯಾರಿಗೆ ಎಷ್ಟು ಸಿಟ್ಟಿದೆ, ಎಲ್ಲ ಬೆನ್ನಿಗೆ ಗೊತ್ತಾಗ್ತಿತ್ತು. ಈಗ ಒಬ್ಬರೂ ಉಸಿರು ಬಿಡಲ್ಲ. ತಿರುಗಿ ನೋಡಿದ್ರೆ ಬರೀ ಮೊಬೈಲು. ಹಿಂದೆ ಏನು ನಡೀತಿದೆ ಅಂತ ಗೊತ್ತಾಗದೆ ಚೆಂಡಿನ ಮೇಲೆ ಹೇಗೆ ಕಣ್ಣಿಡೋದು?’ ಅವನು ಬಲೆಯ ಹುರಿಯನ್ನು ಬೆರಳಿಗೆ ಸುತ್ತುತ್ತಿದ್ದ. ‘ಅದಕ್ಕೆ ನಿಮ್ಮ ಹಳೇ ಮಾತುಗಳನ್ನೇ ಹಾಕಿ ನೋಡಿದೆ. ಯಾರು ಹೌದು ಅಂತಾರೆ, ಯಾರು ನಮ್ಮ ಹುಡುಗನ್ನ ಹೀಗನ್ಬೇಡಿ ಅಂತಾರೆ, ನೋಡೋಣ ಅಂತ. ಎಲ್ಲರೂ ಹೌದು ಅಂದ್ರು.’

‘ಆ ಎಡಗಡೇದನ್ನ ಯಾಕೆ ಹಾಕ್ದೆ? ನಿನ್ನ ಹೊಟ್ಟೆ ಮೇಲೆ ನೀನೇ...’

‘ನೀವು ಹೇಳ್ಬಿಟ್ರಲ್ಲ ಮಾವ. ಎಲ್ಲರ ಮುಂದೆ, ಈ ಕಂಬಿ ಹತ್ತಿರ. ಆಮೇಲೆ ಅದು ಗುಟ್ಟು ಹೇಗಾಗತ್ತೆ? ಅದನ್ನ ಹಾಕಿದ ದಿನ ಬೇರೆಯವರದ್ದು ಯಾರದ್ದೂ ನೋಡ್ಲಿಲ್ಲ. ನೀವು ಬಂದು ಬಯ್ತೀರಿ ಅಂತ ಕಾಯ್ತಿದ್ದೆ. ನಿಮ್ಮ ಹೆಸರು ಬಂತು. ಕೆಂಪು ಹೃದಯ.’ ಅಂಟು ಮೊದಲ ಸಲ ತಲೆ ಎತ್ತಿ ನೋಡಿದ. ‘ತಕ್ಷಣ ತೆಗೆದ್ರಿ. ಬಂದಿದ್ದು ನೋಡ್ದೆ, ಹೋಗಿದ್ದೂ ನೋಡ್ದೆ.’

ಹೇಳಬೇಕಾದ್ದು ಇಷ್ಟೇ ಇತ್ತು: ಅದು ನಿನ್ನ ಮೇಲಿನ ಸಿಟ್ಟಿಗಲ್ಲವೋ, ನನ್ನ ಮಾತಿನ ಮೇಲಿನ ಮೋಹಕ್ಕೆ. ಹೇಳಿದರೆ ಅದು ಇನ್ನೂ ಕೀಳಾಗಿ ಕೇಳುತ್ತಿತ್ತು. ಇಷ್ಟು ದಿನ ಊರಿನ ಬಾಯಿಗಳನ್ನೆಲ್ಲ ಅನುಮಾನಿಸಿ, ಕೊನೆಗೆ ಉಳಿದದ್ದು ತನ್ನದೊಂದು ಹೆಬ್ಬೆರಳು. ನಾಚಿಕೆಯಿಂದ ಅವನ ಕಣ್ಣು ತುಂಬಿತು.

‘ಅಮ್ಮಂಗೆ ಏನು ಹೇಳ್ತೀರಿ?’ ಎಂದ ಅಂಟು. ‘ಅವಳು ನಿಮ್ಮ ಮೇಲೇ ಅನುಮಾನ ಪಡ್ತಿದಾಳೆ. ನಾನು ಹೌದು ಅನ್ನಲಿಲ್ಲ.’ ಬಲೆಯ ಹುರಿ ಬಿಟ್ಟು ಕಂಬಿಯ ಹತ್ತಿರ ಬಂದು, ‘ಅಲ್ಲ ಅಂತಾನೂ ಅನ್ನಲಿಲ್ಲ’ ಎಂದ. ಆ ದನಿಯಲ್ಲಿದ್ದದ್ದು ಬೆದರಿಕೆಯೋ, ಬೇಡಿಕೆಯೋ, ಅವನಿಗೆ ತಿಳಿಯಲಿಲ್ಲ. ಮಗ ತನ್ನನ್ನು ತಾನೇ ಹೀಗೆ ತಿಂದುಕೊಂಡನೆಂದು ಗೊತ್ತಾದರೆ ಅಕ್ಕ ಬದುಕಿರುವ ತನಕ ನಿದ್ದೆ ಮಾಡಳು. ಅವನ ಕೋಣೆಯ ಬಾಗಿಲ ಹೊರಗೆ ಕೂತು ಕಾವಲು ಕಾಯುತ್ತಾಳೆ.

ಅವನು ತನ್ನ ಮೊಬೈಲು ತೆಗೆದು ಅಕ್ಕನಿಗೆ ಹಚ್ಚಿದ. ಎರಡನೆಯ ರಿಂಗಿಗೇ ಎತ್ತಿದಳು.

‘ಅಕ್ಕ, ಅದು ನಾನೇ.’

ಕಂಬಿಗಳ ನಡುವಿನಿಂದ ಅಂಟುವಿನ ಕೈ ಮೊಬೈಲಿನ ಕಡೆ ಬಂತು, ತಡವಾಗಿ ಬಂತು. ‘ಮಾವ, ಬೇಡ’ ಎಂಬುದು ಮಾತು ಮುಗಿದ ಮೇಲೆ ಕೇಳಿಸಿತು. ಅವನು ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಅಕ್ಕ ಬಯ್ಯುತ್ತಾಳೆ, ಅಳುತ್ತಾಳೆ, ಅಥವಾ, ಒಳಗೆಲ್ಲೋ ಒಂದು ಆಸೆ, ನೀನಾ, ಸಾಧ್ಯವೇ ಇಲ್ಲ, ಯಾರನ್ನೋ ಉಳಿಸೋದಕ್ಕೆ ಸುಳ್ಳು ಹೇಳ್ತಿದೀಯಾ ಎನ್ನುತ್ತಾಳೆ ಎಂದು ಕಾದ. ಆಚೆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

‘ನನಗೆ ಮೊದಲೇ ಗೊತ್ತಿತ್ತು ಬಿಡು’ ಎಂದಳು ಅಕ್ಕ, ತೀರ ಸಾಮಾನ್ಯವಾದ ದನಿಯಲ್ಲಿ, ಮತ್ತು ಫೋನು ಇಟ್ಟಳು.

‘ಏನಂದ್ಲು?’ ಎಂದ ಅಂಟು. ಅವನ ಕೈ ಇನ್ನೂ ಕಂಬಿಯ ಈಚೆಯೇ ಇತ್ತು.

‘ಏನೂ ಅನ್ನಲಿಲ್ಲ.’

ಅಂಟು ಅವನ ಮುಖವನ್ನೇ ನೋಡುತ್ತ ನಿಂತ. ನಂಬಲಿಲ್ಲ.